ಠರಾವು ನಂಬರ ಹದಿನಾಲ್ಕು

ರಾತ್ರಿ ಒಂದೂಕಾಲಿಗೆ ವಾಲ್ನೇರಾದ ಆಟ ಸುರು.
ಶಹಾಬಾದಿನ ಈ ಪಾಲಿಶ ಫ್ಯಾಕ್ಟರಿಯಾಗ
ನಾ ಕಾಯೂದು ಪರ್ಸಿ, ಥಪ್ಪಿ ಮ್ಯಾಲ ಥಪ್ಪಿ.
ಕದಿಯಾಕ ಯಾರೂ ಬರಂಗಿಲ್ಲ,
ಒಂದು ಎತ್ತಬೇಕಂದ್ರೂ ಇಬ್ಬರು ಬೇಕು.
ಅದಕ್ಕ ಫೋನಿನ್ಯಾಗ ಇಟಲಿ ನೋಡತೀನಿ.

ಯಾಕ ಅದೇ ಕ್ಲಬ್ಬು ಅಂತ ಕೇಳ್ತಾರ.
ಅವರದೂ ಕಲ್ಲಿನ ಊರು.
ಗುಡ್ಡ ಕಡಿದು ಬಿಳೀ ಕಲ್ಲು ತಗೀತಾರ,
ನಾವು ಭೂಮಿ ಬಗೆದು ಬೂದಿಗಲ್ಲು.
ಅವರ ಗೋಲಿಗೂ ನನ್ನಂಗ ನಡು ನೋವು.
ಮತ್ತ ಇಬ್ಬರೂ ಸೋಲತೇವಿ.

ದೀವಳಿಗಿ ಆದ ಮ್ಯಾಲ ಅವರು ಮ್ಯಾನೇಜರನ್ನ ತಗದರು.
ಮರು ಐತವಾರ ನಾವು ಭೀಮಶಾ ಮಾಸ್ತರನ್ನ.
ಠರಾವು ನಂಬರ ಹನ್ನೊಂದು.
ಸೂಚಿಸಿದವರು: ಲಾಡ್ಲೇಸಾಬ.
ಅನುಮೋದಿಸಿದವರು: ಮೋನಪ್ಪ, ಗೋಲಿ.
ಅಂದ್ರ ನಾ.
ಮಾಸ್ತರು ಸೀಟಿ ತಗದು ಟೇಬಲ್ ಮ್ಯಾಲ ಇಟ್ರು,
"ಚಹಾದ ರೊಕ್ಕ ಕೊಟ್ಟೀನಿ" ಅಂದ್ರು, ಹೋದ್ರು.

ತಗದ ಮ್ಯಾಲೂ ಸೋತೇವಿ.
ವಾಡಿ ಹುಡುಗರ ಮುಂದ ಐದು ಗೋಲು,
ಅದರಾಗ ಮೂರು
ನನ್ನ ಕಾಲಿನ ನಡುವಿಂದ.

ವಾಲ್ನೇರಾದಾಗ ಈಗ ಹೆಸರಿನ ಸಂತಿ.
ಒಬ್ಬಾಂವ ಜರ್ಮನಿಯಿಂದ, ಹಲಗಿ ತುಂಬ ಬಾಣ ಬರಿಯಾಂವ.
ಒಬ್ಬಾಂವ ಹಳೇ ಕ್ಯಾಪ್ಟನ್, ಊರಿಗೆಲ್ಲಾ ಅಳಿಯ.
ಒಬ್ಬಾಂವ ನಾಕು ಕ್ಲಬ್ ಮುಳುಗಿಸಿ
ಐದನೇದಕ್ಕ ಕೋಟ್ ಇಸ್ತ್ರಿ ಮಾಡಿಸ್ಯಾನ.

ನಮ್ಮ ಮೀಟಿಂಗ್ ಗುಂಡೇರಾವನ ಸೈಕಲ್ ಅಂಗಡ್ಯಾಗ,
ತೂಗು ಹಾಕಿದ ಟೈರಿನ ತೆಳಗ.
ಕಲಬುರಗಿ ಕಾಲೇಜಿನ ಸರ್ ಬರ್ತಾರಂತ,
ಬಸ್ ಚಾರ್ಜು, ಮ್ಯಾಲ ದಿನಾ ಎರಡು ತತ್ತಿ.
ಗೇಬ್ರಿಯಲ್ ರೈಲ್ವೆ ಟೀಮಿನಾಗ ಆಡಿದಾಂವ,
ಆದ್ರ ಡ್ಯೂಟಿ ಗುಂತಕಲ್ಲಿಗೆ; ಬಂದ್ರ ಬಂದ.
ಮೂರನೇ ಹೆಸರು ಲಾಡ್ಲೇಸಾಬನ ಅಳಿಯಂದು.
ಅಂವ ಬಲ್ಲದ್ದು ಕ್ರಿಕೆಟ್.
"ಚೆಂಡು ಚೆಂಡೇ ಅಲ್ಲೇನ್ರೋ?" ಅಂದ ಲಾಡ್ಲೇಸಾಬ.
ಯಾರೂ ನಗಲಿಲ್ಲ. ಭಜಿ ಮುಗೀತು.
ಠರಾವು ಆಗಲಿಲ್ಲ.

ಅವತ್ತ ರಾತ್ರಿ ಫೋನಿನ್ಯಾಗ ಸುದ್ದಿ:
ತಗದವನ್ನೇ ಮತ್ತ ಕರದಾರ.
ಅಲ್ಲಿ ಹಂಗೇ ಅಂತ. ತಗದರೂ
ಕರಾರು ಮುಗಿಯೂತನಕ ಪಗಾರ ಕೊಡಬೇಕು.
ಮನ್ಯಾಗ ಕುಂತವಗ ಕೊಡೂದು
ಮೈದಾನದಾಗ ನಿಂತವಗ ಕೊಟ್ರಾತು.
ಪ್ರೀತಿ ಅಲ್ಲ, ಲೆಕ್ಕ.

ಮಾಸ್ತರಿಗೆ ನಾವು ಕೊಟ್ಟ ಪಗಾರ ಏನು?
ಎಂಟು ವರ್ಷ, ಐತವಾರಕ್ಕೊಂದು ಕಪ್ ಚಹಾ.
ಕಡೀ ಕಪ್ಪಿನ ರೊಕ್ಕ ಅವರೇ ಕೊಟ್ಟಾರ.
ಹಂಗಾರ ಬಾಕಿ ಯಾರ ಕಡಿಗದ?
ಎದಿಯಾಗ ತಣ್ಣಗೆ ಏನೋ ಸರದಂಗಾತು,
ನೀರು ಹೊಡದ ಪರ್ಸಿ ಮ್ಯಾಲ ಬರಿಗಾಲು ಇಟ್ಟಂಗ.

ಮುಂಜಾನೆ ಡ್ಯೂಟಿ ಬಿಟ್ಟು ಸೀದಾ ಅವರ ಮನಿಗೆ.
ಕಟ್ಟಿ ಮ್ಯಾಲ ಕುಂತು ತೊಗರಿಕಾಯಿ ಸುಲೀತಿದ್ರು.
"ಇಟಲಿಯಾಗ ಒಂದು ಕ್ಲಬ್ ಅದರೀ" ಅಂತ ಸುರು ಮಾಡಿದೆ.
ಇಟಲಿಗೂ ನನಗೂ ಏನು ಅನ್ನಲಿಲ್ಲ.
ಪೂರಾ ಕೇಳಿದರು,
ಒಂದು ಹಿಡಿ ಹಸಿಕಾಳು ನನ್ನ ಕೈಯಾಗಿಟ್ರು.
"ಬರ್ತೀನಿ. ಒಂದು ಷರತ್ತು."
"ಹೇಳ್ರಿ."
"ಗೋಲಿನ್ಯಾಗ ಸೈಬಣ್ಣನ ಮಗ ನಿಂದರತಾನ."

ಸೈಬಣ್ಣನ ಮಗಗ ಹದಿನಾರು ವರ್ಷ.
ಅಂಗೈ ಮೊರದಷ್ಟು ಅಗಲ.
ನಾ ಕಾಳು ಅಗದೆ. ಬಹಳ ಹೊತ್ತು ಅಗದೆ.

ಠರಾವು ನಂಬರ ಹದಿನಾಲ್ಕು.
ಸೂಚಿಸಿದವರು: ಮೋನಪ್ಪ, ಗೋಲಿ.
'ಗೋಲಿ' ಮ್ಯಾಲ ಒಂದು ಗೆರಿ ಎಳದೆ.
ಆರು ಕೈ ಎದ್ದವು. ಲಾಡ್ಲೇಸಾಬ
ಅಳಿಯನ ಮಾರಿ ನೋಡಿ ಅರ್ಧ ಎತ್ತಿದ.

ಇವತ್ತ ಒಂದೂಕಾಲಿಗೆ ಮತ್ತ ಆಟ.
ಹಳೇ ಮ್ಯಾನೇಜರು ಗೆರಿ ಹತ್ರ ನಿಂತಾನ,
ಕೋಟಿನ ಗುಂಡಿ ಒಂದು ಮನಿ ತಪ್ಪ್ಯಾವ.
ಕ್ಯಾಮೆರಾ ಬೆಂಚಿನ ಕಡಿಗೆ ಹೊಳ್ಳಿತು:
ನಡು ನೋವಿನ ನನ್ನ ಗೋಲಿ ಅಲ್ಲಿ ಕುಂತಾನ,
ಗ್ಲೌಸ್ ಇನ್ನೂ ಬಿಚ್ಚಿಲ್ಲ.

ಇಪ್ಪತ್ತನೇ ನಿಮಿಷ. ಸೊನ್ನಿ, ಸೊನ್ನಿ.
ಟಾರ್ಚು ಹಚ್ಚಿ ಒಂದು ಸುತ್ತು ಹಾಕಿ ಬಂದೆ.
ನಾನೂರಾ ಹನ್ನೆರಡು ಪರ್ಸಿ.
ಎಲ್ಲಾ ಅದಾವ.