ಷರಾ ಇಲ್ಲದ ಹದಿನೆಂಟು

ಸಮುದ್ರ ಹೆಪ್ಪುಗಟ್ಟಿತೆಂದರೆ ನಮ್ಮಲ್ಲಿ
ಅದೇ ರಸ್ತೆ.
ಗಡ್ಡೆ ಎಷ್ಟು ದಪ್ಪ, ಕಾರು ಹಾಯಬಹುದೆ, ಲಾರಿ ಹಾಯಬಹುದೆ
ಎಂದು ಲೆಕ್ಕ ಹೇಳುವ ಪುಟ್ಟ ತಂತ್ರಾಂಶವೊಂದಿದೆ,
ಯಾರಪ್ಪನ ಸೊತ್ತೂ ಅಲ್ಲ.
ಇಪ್ಪತ್ತಾರು ವರ್ಷ ಅದು ಸಿವಿಎಸ್‌ನಲ್ಲೇ ಕೂತಿತ್ತು,
ಔಲು ಬಂದರಿನ ಕಚೇರಿಯ ಮೆಟ್ಟಿಲ ಕೆಳಗೆ,
ಕೆಮ್ಮುವ ಒಂದು ಯಂತ್ರದ ಹೊಟ್ಟೆಯಲ್ಲಿ.

ಈ ಚಳಿಗಾಲ ಗಿಟ್‌ಗೆ ಸಾಗಿಸುವುದೆಂದು ತೀರ್ಮಾನ.
ಕೆಲಸ ನನ್ನ ಪಾಲಿಗೆ. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ
ಎಲ್ಲರೂ ಕೈ ಎತ್ತಿಯಾಗಿತ್ತು.

ಸಾಗಿಸುವುದೆಂದರೆ ಗಂಟು ಕಟ್ಟಿ ಹೊರುವುದಲ್ಲ,
ಮೊದಲಿಂದ ಮತ್ತೆ ನಡೆಸಬೇಕು:
ತೊಂಬತ್ತೊಂಬತ್ತರ ಮೊದಲ ಸಾಲು, ಅದರ ತಪ್ಪು,
ತಪ್ಪಿನ ತಿದ್ದುಪಡಿ, ತಿದ್ದುಪಡಿಯ ತಪ್ಪು.
ಹಳೆಯದಕ್ಕೆ ಬರೀ ಅಂಕಿತ ಸಾಕಿತ್ತು, ಎರಡಕ್ಷರ, ಮೂರಕ್ಷರ.
ಹೊಸದು ಜನಗಣತಿಯವನಂತೆ ಬಾಗಿಲಲ್ಲಿ ನಿಲ್ಲುತ್ತದೆ:
ಪೂರ್ತಿ ಹೆಸರೇನು? ವಿಳಾಸ?

ಪಟ್ಟಿ ಮಾಡಿದೆ.
ಯರ್ಮೊ ಈಗ ಬೇಕರಿ ನಡೆಸುತ್ತಾನೆ, ಹಿಟ್ಟಿನ ಕೈಯಲ್ಲೇ ಫೋನೆತ್ತಿ
"ಹಾಕ್ಕೋ" ಅಂದ.
ಆಯ್ಲಿ ತನ್ನ ಮದುವೆಯ ಹೆಸರು ಬೇಡವೆಂದಳು,
ಹುಟ್ಟಿದ ಹೆಸರೇ ಇರಲಿ ಮೊದಲಿಂದ ಕೊನೆತನಕ.
ಮೂರು ಸಾವಿರ ಕಡೆ ಒಬ್ಬ ಗಂಡ ಅಳಿಸಿಹೋದ.
ನಾಲ್ಕು ಸೆಕೆಂಡು.

ಉಳಿದದ್ದು ಕೆಕೆ. ಇನ್ನೂರ ಹದಿನಾಲ್ಕು ಕಮಿಟ್.
ಕೆಕೆ ಅಂದರೆ ಕೌಕೊ ಕೊಕ್ಕೊ, ದ್ವೀಪದವನು,
ತೀರಿಕೊಂಡು ನಾಲ್ಕು ವರ್ಷ, ಎಲ್ಲರಿಗೂ ಗೊತ್ತಿದ್ದದ್ದೇ.
ಬರೆದು ಮುಗಿಸುವವಳಿದ್ದೆ. ಸುಮ್ಮನೆ ಷರಾ ಓದಿದೆ.
ರಾತ್ರಿ ಮೂರರದು: "ಉಪ್ಪಿನ ಲೆಕ್ಕ ಸರಿಮಾಡಿದ್ದು, ಆದರೆ ಗಾಳಿ"
ಬೆಳಗ್ಗೆ ಒಂಬತ್ತರದು: "ಉಪ್ಪಿನ ಲೆಕ್ಕ ಈಗ ನಿಜವಾಗಿ ಸರಿ."
ಒಂದೇ ಕೈ ತನ್ನನ್ನು ತಾನು ಹೀಗೆ ಚುಚ್ಚಿಕೊಳ್ಳುವುದಿಲ್ಲ.

"ಮೋಡೆಮ್ ಒಂದೇ, ಪಾಸ್‌ವರ್ಡೂ ಒಂದೇ," ಅಂದಳು ಕೆರ್ತ್ತು,
ಎಂಬತ್ತೆರಡರ ದನಿ, ಹಿಂದೆ ರೇಡಿಯೋದ ಹವಾಮಾನ.
"ಅವನ ಕೆ ಒಂದು, ನನ್ನ ಕೆ ಒಂದು.
ಪೂರ್ಣವಿರಾಮ ಹಾಕುವವಳು ನಾನು.
ಅವನು ಜನ್ಮದಲ್ಲಿ ಒಂದು ವಾಕ್ಯ ಮುಗಿಸಿದವನಲ್ಲ."

ಚುಕ್ಕೆ ಹುಡುಕುವ ಸ್ಕ್ರಿಪ್ಟ್ ಬರೆದೆ.
ನೂರ ಮೂರು ಅವಳಿಗೆ, ತೊಂಬತ್ತಮೂರು ಅವನಿಗೆ.
ಹದಿನೆಂಟು ಎಲ್ಲಿಗೂ ಸೇರಲಿಲ್ಲ.
ಅವಕ್ಕೆ ಷರಾ ಇಲ್ಲ, ಚುಕ್ಕೆ ಎಲ್ಲಿಂದ ಬರಬೇಕು?

ಮತ್ತೆ ಫೋನು.
"ಯಾವ ತಿಂಗಳು?"
"ಎಲ್ಲವೂ ಎರಡು ಸಾವಿರದ ಎರಡು, ನವೆಂಬರ್."
ಅವಳು ರೇಡಿಯೋ ಆರಿಸಿದ್ದು ಕೇಳಿಸಿತು.
"ಆಗ ನಾವು ಮಾತು ಬಿಟ್ಟಿದ್ದೆವು."
ಯಾಕೆಂದು ನಾನು ಕೇಳಲಿಲ್ಲ. ಪಟ್ಟಿಯಲ್ಲಿ ಆ ಕಾಲಂ ಇಲ್ಲ.
"ಅವುಗಳಲ್ಲಿ ಲೆಕ್ಕ ಸರಿಯಿದೆಯೆ?"

ತೆರೆದು ನೋಡಿದೆ.
ಒಬ್ಬರು ಬಿಟ್ಟ ಆವರಣ ಚಿಹ್ನೆಯನ್ನು
ಆರು ತಾಸಿನ ನಂತರ ಇನ್ನೊಬ್ಬರು ಮುಚ್ಚಿದ್ದರು.
ಒಬ್ಬರು ಗಾಳಿಯನ್ನು ಸೇರಿಸಿದ ಕಡೆ
ಇನ್ನೊಬ್ಬರು ಅದರ ದಿಕ್ಕು ತಿದ್ದಿದ್ದರು, ಒಂದು ಮಾತಿಲ್ಲದೆ,
ಹದಿನೆಂಟು ಸಲ.
"ಸರಿಯಿದೆ," ಅಂದೆ.
"ಹಾಗಾದರೆ ಬಿಡು."

ಬಿಟ್ಟೆ. ಕೆಕೆ ಅಂತಲೇ.
ಖಾಲಿ ಷರಾ ತಾನು ಒಪ್ಪುವುದಿಲ್ಲವೆಂದಿತು ಹೊಸದು.
ಒಪ್ಪಿಸುವ ದಾರಿ ಕೈಪಿಡಿಯ ಒಂದು ಮೂಲೆಯಲ್ಲಿತ್ತು,
ಹುಡುಕಲು ಮಾತ್ರ ಮಧ್ಯರಾತ್ರಿಯಾಯಿತು.

ಬೆಳಗಾಗುವ ಮೊದಲೇ ಎರಡನ್ನೂ ಪಕ್ಕಪಕ್ಕ ಓಡಿಸಿದೆ.
ಹಳೆಯದು ಕೆಮ್ಮಿ ಹೇಳಿತು: ನಲವತ್ತೊಂದು ಸೆಂಟಿಮೀಟರ್.
ಹೊಸದು ಕೆಮ್ಮದೆ: ನಲವತ್ತೊಂದು.
ಮೆಟ್ಟಿಲ ಕೆಳಗೆ ಹೋಗಿ ಹಳೆಯದರ ಬರೆಯುವ ಬಾಗಿಲು ಮುಚ್ಚಿದೆ,
ಓದುವುದನ್ನು ತೆರೆದಿಟ್ಟೆ, ಯಾರಾದರೂ ಬಂದಾರು.

ಹತ್ತಕ್ಕೆ ಗೇಟು ಎತ್ತಿದರು.
ಕಡಲ ಮೇಲೆ ಒಂದು ಕಾರು, ಹಿಂದೆ ಐವತ್ತು ಮೀಟರ್ ಬಿಟ್ಟು ಇನ್ನೊಂದು,
ಒಳಗಿನವರೆಲ್ಲ ಸೀಟ್ ಬೆಲ್ಟ್ ಬಿಚ್ಚಿಕೊಂಡು
(ಗಡ್ಡೆಯ ಮೇಲಿನ ರೂಢಿ ಅದು)
ನಿಧಾನ