ಒಂಬತ್ತನೇ ಕಪಾಟು

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಏಳೂವರೆಗೇ
ಹಂಪನಕಟ್ಟೆಯಲ್ಲಿಳಿದು ಬಂದು ಬೀಗ ತೆಗೆದೆ.
ಮೊದಲು ನುಸಿಗುಳಿಗೆಯ ವಾಸನೆ ಹೊರಬರುತ್ತದೆ,
ಆಮೇಲೆ ಅವರಿಬ್ಬರು:
ಮಂಗಟ್ಟೆ, ಹಾರುಬೆಕ್ಕು.

ಚೀಟಿಯಲ್ಲಿ ಅಮ್ಮನ್ನ ಸರ್ ಅವರ ವಾಲಿದ ಅಕ್ಷರ:
ಹೆಬ್ರಿಯಾಚೆಯ ಕಾಡು, ಒಂದೇ ತಾರೀಕು, ಒಂದೇ ಮರ.
ಬಿದ್ದದ್ದೋ ಬೀಳಿಸಿದ್ದೋ, ಬರೆದಿಲ್ಲ.

ಬೆಕ್ಕು ಅಂತ ಹೆಸರು ಮಾತ್ರ. ಅಳಿಲು ಅದು,
ಮುಂಗೈಯಿಂದ ಹಿಂಗಾಲಿನವರೆಗೆ ಚರ್ಮದ ಹಾಯಿ.
ಒಂದು ಕಣ್ಣು ಯಾವಾಗಲೋ ಉದುರಿ
ನನ್ನ ಗಂಡನ ಖಾಕಿ ಅಂಗಿಯ ಗುಂಡಿ ಹೊಲಿದಿದ್ದೇನೆ.
ರಾತ್ರಿ ಬಸ್ಸಿನ ಕಂಡಕ್ಟರನ ಗುಂಡಿ,
ಎಚ್ಚರ ಇದ್ದು ರೂಢಿ ಅದಕ್ಕೆ.

ಮಂಗಟ್ಟೆಗೆ ಕಣ್ಣೆರಡೂ ಸರಿ ಉಂಟು, ಬಣ್ಣ ಹೋಗಿದೆ.
ಬದುಕಿದ್ದಾಗ ಬಾಲದ ಬುಡದ ಎಣ್ಣೆಯನ್ನು
ತಾನೇ ಬಳಿದುಕೊಂಡು ಹಳದಿಯಾಗಿರುತ್ತಿತ್ತಂತೆ.
ಸತ್ತ ಮೇಲೆ ಯಾರು ಬಳಿಯುತ್ತಾರೆ?
ಕಮಿಟಿಯವರು ಬರುವ ಹಿಂದಿನ ದಿನ
ತೆಂಗಿನೆಣ್ಣೆಗೆ ಅರಿಶಿನ ಕಲಸಿ ನಾನೇ ಹಚ್ಚಿದ್ದೆ.
ಇರುವೆ ಬಂತು.

ಮಕ್ಕಳು ಸ್ಕೇಲಿಟ್ಟು ಪುಟದ ನಡುವೆ ಗೆರೆ ಎಳೆದರು.
ಎಡಕ್ಕೆ ಮೊಟ್ಟೆ, ಬಲಕ್ಕೆ ಮೊಲೆಹಾಲು.
ಎಡಕ್ಕೆ ಹಗಲು, ಬಲಕ್ಕೆ ರಾತ್ರಿ.
ಹಾರುತ್ತದೆ. ತೇಲುತ್ತದೆ.
ಐದು ಭೇದ ಬರೆದರೆ ಐದು ಅಂಕ.

ಬಜ್ಪೆಯ ಮೈಮೂನಾ ಮಾತ್ರ ಗೆರೆ ಎಳೆಯದೆ ಕೂತು
ಪರೀಕ್ಷಕರು ಅತ್ತ ತಿರುಗಿದ್ದೇ ಪಿಸುಗುಟ್ಟಿದಳು:
‘ವಾರಿಜಕ್ಕಾ, ಆ ಮರದಲ್ಲಿ ಪೊಟರೆ ಎಷ್ಟಿತ್ತು?’

ನನಗೆಂತ ಗೊತ್ತು, ಹತ್ತನೇ ಕ್ಲಾಸು ಫೇಲು.
ಆದರೆ ಇಪ್ಪತ್ತಾರು ವರ್ಷ ಬಾಗಿಲ ಬದಿ ನಿಂತು
ಇದೇ ಪಾಠ ಕೇಳಿದ್ದೇನೆ:
ಮೊಟ್ಟೆಯಿಡುವ ಹೊತ್ತಿಗೆ ಪೊಟರೆ ಹೊಕ್ಕ ಹೆಣ್ಣು
ತನ್ನ ಹಿಕ್ಕೆಯಿಂದಲೇ ಬಾಗಿಲು ಮೆತ್ತಿಕೊಳ್ಳುತ್ತದೆ,
ಕೊಕ್ಕಿನಷ್ಟು ಸಂದು ಬಿಟ್ಟು.
ಒಳಗೆ ಕೂತು ರೆಕ್ಕೆಯ ಗರಿ ಉದುರಿಸುತ್ತದೆ.
ಗಂಡು ತಂದ ಅತ್ತಿಹಣ್ಣೇ ಗತಿ.
ಅಂಥದ್ದೇ ಪೊಟರೆಯಿಂದ, ಕತ್ತಲಾದ ಮೇಲೆ,
ರೆಕ್ಕೆಯೇ ಇಲ್ಲದ ಇದು
ಅಂಚಿಗೆ ಬಂದು, ಕೆಳಗೆ ನೋಡಿ,
ಕೈಕಾಲು ಬಿಚ್ಚುತ್ತದೆ.

ಇದನ್ನು ಯಾವ ಬದಿಗೆ ಬರೆಯುವುದು?

ಗಂಟೆ ಹೊಡೆಯಿತು. ಮೈಮೂನಾ ಏನು ಬರೆದಳೋ,
ಪುಟದ ಈ ಅಂಚಿನಿಂದ ಆ ಅಂಚಿಗೆ, ಒಂದೇ ಉಸಿರಲ್ಲಿ.
ಸೆಖೆಗೆ ಕಪಾಟಿನ ಗಾಜು ಕೂಡ ಜಿಗುಟು.
ಬೇರೆ ಬೇರೆ ಹಲಗೆಯಲ್ಲಿಡುತ್ತಿದ್ದವಳು ಯಾಕೋ ಇವತ್ತು
ಒಂದರ ಬೆನ್ನಿಗೊಂದು ತಾಗಿಸಿಟ್ಟೆ.
ಬಾಗಿಲು ಪೂರ್ತಿ ಕೂರಲಿಲ್ಲ,
ಕೊಕ್ಕು ಅಡ್ಡ.

ಇರಲಿ. ನಾಳೆ ಬಿ ಬ್ಯಾಚು,
ಹೇಗೂ ತೆಗೀಲಿಕ್ಕುಂಟಲ್ಲ.