ಮಿಲ್ಲಿನ ಮೇಲಿನ ಮನೆ

ಲಾಕ್‌ಡೌನಿನ ವರ್ಷ, ಗುತ್ತಲು ರಸ್ತೆ ಬಿಕೋ ಅನ್ನುವಾಗ
ರಾಗಿಹಿಟ್ಟು ಜರಡಿ ಹಿಡಿಯುತ್ತಲೇ ಅಂದುಬಿಟ್ಟೆ:
‘ಚಲುವರಾಜು, ಎಲ್ಲಾ ಸರಿಹೋಗೋಗಂಟ
ಅರ್ಧ ಬಾಡಿಗೆ ಕೊಡು, ಸಾಕು.’
ಬರೆದುಕೊಟ್ಟಿಲ್ಲ. ಸಾಕ್ಷಿಗಿದ್ದದ್ದು ಜರಡಿ.

ಅವನು ಅದನ್ನೇ ನಂಬಿ
ಹೆಂಡತಿಯ ಸರ ಮಾರಿ
ಖಾರದಪುಡಿ ಮಿಷನ್ನು ತಂದ,
ನನ್ನ ನೆಲ ಕೊರೆದು
ನಾಲ್ಕು ಬೋಲ್ಟು ಬಿಗಿದ.

ಈಗ ಅಳಿಯ ಲೆಕ್ಕ ತೆಗೆದಿದ್ದಾನೆ:
ಇಪ್ಪತ್ತೆರಡು ತಿಂಗಳು, ಉಳಿದರ್ಧ, ಬಡ್ಡಿ ಬೇರೆ.
ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ
ವಕೀಲಮ್ಮ ಕನ್ನಡಕ ಒರೆಸುತ್ತಾ
‘ಎಸ್ಟಾಪೆಲ್’ ಅಂದರು.
ಅಳಿಯನಿಗೆ ಕೇಳಿಸಿದ್ದು ‘ಎಷ್ಟಪ್ಪಾ’;
‘ತೊಂಬತ್ತಾರು ಸಾವಿರ’ ಅಂದ.

ನಕ್ಕರು. ‘ನೀವಾಡಿದ ಮಾತಿನ ಮೇಲೆ
ಇನ್ನೊಬ್ಬ ಕಾಲೂರಿ ನಿಂತಮೇಲೆ
ಕೆಳಗಿಂದ ಎಳೆಯೋ ಹಾಗಿಲ್ಲ ಕಣಮ್ಮ.
ಹಿಂದಿನದು ಹೋಯ್ತು. ಮುಂದಿನದಕ್ಕೆ
ನೋಟಿಸು ಕೊಡಿ, ಟೈಮು ಕೊಡಿ.’

ಫೀಸು ಕೊಟ್ಟವಳು ನಾನೇ, ಪೂರ್ತಿ.

ಬೆಳಗ್ಗೆ ಆರಕ್ಕೆ ಮಿಲ್ಲು ಶುರು.
ಮೇಲೆ ನನ್ನ ಅಡುಗೆಮನೆಯಲ್ಲಿ
ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತವೆ,
ಕಾಫಿಯ ಮೇಲೆ ಸಣ್ಣ ಅಲೆ.
ನನ್ನದೇ ಮಾತು ಅದು,
ಕಾಲಡಿಯಲ್ಲಿ ತಿರುಗುತ್ತಾ
ಯಾರದೋ ಮೆಣಸಿನಕಾಯಿ ಅರೆಯುತ್ತಿದೆ.

ಸೀನುತ್ತಾ ಮೆಟ್ಟಿಲಿಳಿದೆ.
‘ಯುಗಾದಿ ಕಳೆದಮೇಲೆ ಪೂರ್ತಿ ಕೊಡಪ್ಪ’
ಅಂದೆ. ಸದ್ದಿಗೆ ಕೇಳಿಸಲಿಲ್ಲವೋ ಏನೋ,
ಕಿವಿಗೆ ಕೈಯಿಟ್ಟು ‘ಏನಕ್ಕಾ?’ ಅಂದ.

ಮಿಷನ್ನು ನಿಲ್ಲುವತನಕ ಕಾದೆ,
ಬಾಯಲ್ಲೇ ಇಟ್ಟುಕೊಂಡು.